ಗೋದಲಿ, ನೀರಿನ ತೊಟ್ಟಿ ಶುಚಿಯಾಗಿಡುವುದು: ಹೈನುಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಸುವಿನ ಮೈ ತೊಳೆಯುತ್ತೇವೆ, ಕೆಚ್ಚಲು ಒರೆಸುತ್ತೇವೆ, ಡೇರಿಗೆ ಒಯ್ಯುವ ಕ್ಯಾನನ್ನು ಬಿಸಿನೀರಿನಲ್ಲಿ ಉಜ್ಜುತ್ತೇವೆ. ಆದರೆ ಹಸು ದಿನಾ ಬಾಯಿಡುವ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ ತಿಕ್ಕಿದ್ದು ಯಾವಾಗ? ಈ ಪ್ರಶ್ನೆಗೆ ಬಹಳ ಮನೆಗಳಲ್ಲಿ ಉತ್ತರ ಸಿಗುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲೂ ಮೊದಲು ಹಾಗೇ ಇತ್ತು. ಈಗ ಹಾಗಿಲ್ಲ. ನಾಲ್ಕೈದು ಹಸು ಸಾಕುವವರು ನಮ್ಮನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಇಟ್ಟುಕೊಂಡು ಬರೆದಿದ್ದೇವೆ. ಮೇವು ಹಾಕುವ ಜಾಗವನ್ನು ಗೋದಲಿ ಅಂದಿದ್ದೇವೆ. ನಿಮ್ಮ ಕಡೆ ಅದು ಗ್ವಾದಲಿ ಇರಬಹುದು, ಬರೀ ಮೇವಿನ ತೊಟ್ಟಿ ಇರಬಹುದು.

ತೊಟ್ಟಿ ತುಂಬ ನೀರಿದೆ. ಹಸು ಬೇಕಾದಾಗ ಕುಡಿಯುತ್ತೆ. ಸಾಲದಾ?

ಈಗಲೇ ಒಂದು ಸಲ ಹೋಗಿ ತೊಟ್ಟಿಯ ಒಳಗೋಡೆಯ ಮೇಲೆ, ನೀರಿನ ಮಟ್ಟಕ್ಕಿಂತ ಕೆಳಗೆ, ಅಂಗೈ ಸವರಿ ನೋಡಿ. ಜಾರಿದರೆ ಅದು ಲೋಳೆ. ಆಮೇಲೆ ಆ ಕೈಯನ್ನು ಮೂಸಿ ನೋಡಿ. ನಮಗೆ ಮುಖ ಸಿಂಡರಿಸುವಷ್ಟು ವಾಸನೆ ಬಂದರೆ, ನಮಗಿಂತ ಎಷ್ಟೋ ಚುರುಕು ಮೂಗಿನ ಹಸುವಿಗೆ ಹೇಗಾಗಬೇಡ?

ಹಸು ಕೆಟ್ಟ ನೀರನ್ನು ಮುಟ್ಟುವುದೇ ಇಲ್ಲ ಅಂತಲ್ಲ. ಬಾಯಾರಿಕೆ ತಡೆಯದೆ ಕುಡಿಯುತ್ತೆ, ಆದರೆ ಕಮ್ಮಿ ಕುಡಿಯುತ್ತೆ. ನಷ್ಟ ಆಗುವುದು ಅಲ್ಲೇ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ. ದಿನಕ್ಕೆ 15 ಲೀಟರ್ ಕೊಡುವ ಹಸುವಿಗೆ 70ರಿಂದ 100 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನೀರು ಕಮ್ಮಿಯಾದರೆ ಮೇವೂ ಕಮ್ಮಿ ತಿನ್ನುತ್ತೆ, ಹಾಲೂ ಇಳಿಯುತ್ತೆ. ನಾವು ಮಾತ್ರ ಹಿಂಡಿ ಸರಿಯಿಲ್ಲ ಅಂತ ಚೀಲ ಬದಲಾಯಿಸುತ್ತೇವೆ.

ತೊಟ್ಟಿ ತಿಕ್ಕಿ ಹೊಸ ನೀರು ಬಿಟ್ಟ ದಿನ ಅಲ್ಲೇ ನಿಂತು ನೋಡಿ. ಹಸು ಮೂತಿಯನ್ನು ನೀರಲ್ಲಿ ಊರಿ, ತಲೆ ಎತ್ತದೆ, ಗುಟುಕು ಗುಟುಕಾಗಿ ಎಳೆಯುತ್ತೆ. ಕೊಳಕು ನೀರಾದರೆ ಮೇಲ್ಮೇಲೆ ಮೂತಿ ಆಡಿಸುತ್ತೆ, ತುಸು ಕುಡಿಯುತ್ತೆ, ತಲೆ ಎತ್ತುತ್ತೆ, ಮತ್ತೆ ಬಗ್ಗುತ್ತೆ. ಇದನ್ನು ನೋಡಿ ಕಲಿತರೆ ಅರ್ಧ ಕೆಲಸ ಆದಂತೆ.

ನಮ್ಮದು ಬೋರ್‌ವೆಲ್ ನೀರು, ಕನ್ನಡಿ ಹಾಗಿದೆ. ಆದರೂ ಲೋಳೆ ಎಲ್ಲಿಂದ ಬರುತ್ತೆ?

ಹಸುವಿನ ಬಾಯಿಂದಲೇ. ದೊಡ್ಡ ಹಸುವಿನ ಬಾಯಲ್ಲಿ ದಿನಕ್ಕೆ 100 ಲೀಟರ್‌ಗೂ ಜಾಸ್ತಿ ಜೊಲ್ಲು ಊರುತ್ತೆ. ಹಿಂಡಿ, ಬೂಸಾ ತಿಂದ ಬಾಯನ್ನು ನೇರ ನೀರಿಗೆ ಇಡುತ್ತೆ ಅಲ್ವಾ? ಆ ಜೊಲ್ಲು, ಹಿಂಡಿಯ ಕಣ, ಹುಲ್ಲಿನ ಚೂರು ತಳಕ್ಕೆ ಕೂರುತ್ತವೆ. ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳೆದು, ಗೋಡೆಗೆ ಅಂಟಿಕೊಂಡು, ತಮ್ಮ ಮೇಲೆ ತಾವೇ ಒಂದು ಅಂಟಿನ ಹೊದಿಕೆ ಮಾಡಿಕೊಳ್ಳುತ್ತವೆ. ಅದೇ ಲೋಳೆ.

ಅದಕ್ಕೇ ಹಳೇ ನೀರಿನ ಮೇಲೆ ಹೊಸ ನೀರು ಬಿಟ್ಟರೆ ತೊಟ್ಟಿ ಶುಚಿಯಾಗುವುದಿಲ್ಲ. ಪೈಪಿನ ನೀರನ್ನು ಜೋರಾಗಿ ಹೊಡೆದರೂ ಅದು ಬಿಡುವುದಿಲ್ಲ. ತಿಕ್ಕಲೇಬೇಕು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಗೋದಲಿಯನ್ನು ದಿನಾ ಗುಡಿಸಬೇಕು. ಇದರಲ್ಲಿ ರಿಯಾಯಿತಿ ಇಲ್ಲ. ಹಸಿ ಹಿಂಡಿ, ನೆನೆಸಿದ ಬೂಸಾ, ರಸಮೇವು (ಗಾಳಿಯಾಡದಂತೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು, ಸೈಲೇಜ್) ಹಾಕುವವರು ನೀರಲ್ಲೂ ತೊಳೆಯಬೇಕು. ಬರೀ ರಾಗಿ ಹುಲ್ಲು, ಭತ್ತದ ಹುಲ್ಲು ಹಾಕುವ ಗೋದಲಿಗೆ ಪೊರಕೆ ಸಾಕು.

ನೀರಿನ ತೊಟ್ಟಿಯಲ್ಲಿ ತೇಲುವ ಹುಲ್ಲು, ಬಿದ್ದ ಸಗಣಿಯನ್ನು ದಿನಾ ಎತ್ತಬೇಕು. ಪೂರ್ತಿ ಖಾಲಿ ಮಾಡಿ ತಿಕ್ಕುವುದು ವಾರಕ್ಕೆ ಒಂದು ಸಲವಾದರೂ ಆಗಲೇಬೇಕು. ಮಾರ್ಚ್‌ನಿಂದ ಮೇ ತಿಂಗಳವರೆಗೆ ವಾರಕ್ಕೆ ಎರಡು, ಮೂರು ಸಲ ಮಾಡಿ. ಬಕೆಟ್, ಬುಟ್ಟಿಯಲ್ಲಿ ನೀರಿಡುವವರು ದಿನಾ ಉಜ್ಜಬೇಕು.

ವಾರಕ್ಕೆ ಒಂದು ಸಲ ಅನ್ನುವುದಕ್ಕೆ ಇನ್ನೊಂದು ಕಾರಣ ಸೊಳ್ಳೆ. ನಿಂತ ನೀರಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೆ ಮೊದಲೇ ತೊಟ್ಟಿ ಬರಿದಾದರೆ ಅಲ್ಲಿಗೆ ಮುಗಿಯಿತು. ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಇದು ಮಕ್ಕಳ ಆರೋಗ್ಯದ ವಿಷಯವೂ ಹೌದು.

ತಿಕ್ಕುವ ಸರಿಯಾದ ಕ್ರಮ ಯಾವುದು?

ಬೆಳಗಿನ ಹಾಲು ಕರೆದು, ಹಸುಗಳು ಹೊಟ್ಟೆ ತುಂಬ ನೀರು ಕುಡಿದ ಮೇಲೆ ಶುರು ಮಾಡಿ. ಆಗ ತೊಟ್ಟಿಯಲ್ಲಿ ನೀರೂ ಕಮ್ಮಿ ಇರುತ್ತೆ, ಚೆಲ್ಲುವುದೂ ಕಮ್ಮಿ. ಉಳಿದ ನೀರನ್ನು ಪೂರ್ತಿ ಬಿಡಿ. ತಳದ ಗಸಿಯನ್ನು ಕೈಯಿಂದಲೋ ಹಳೇ ತಗಡಿನಿಂದಲೋ ಬಳಿದು ಹೊರಗೆ ಹಾಕಿ. ಆಮೇಲೆ ಗಟ್ಟಿ ಬ್ರಷ್ಷಿನಿಂದ ಒಳಗೋಡೆ, ಮೂಲೆ, ಅಂಚು, ಎಲ್ಲಕ್ಕಿಂತ ಜಾಸ್ತಿ ನೀರಿನ ಗೆರೆ ನಿಲ್ಲುವ ಜಾಗ, ಇಷ್ಟನ್ನೂ ತಿಕ್ಕಿ. ಬ್ರಷ್ ಇಲ್ಲದಿದ್ದರೆ ತೆಂಗಿನ ನಾರು, ಒಲೆ ಬೂದಿ ಸಾಕು. ನಮ್ಮ ಅಜ್ಜಿಯಂದಿರು ಕಲ್ಲುಬಾನಿ ತಿಕ್ಕುತ್ತಿದ್ದದ್ದು ಹಾಗೇ. ಬೂದಿ ಜಿಡ್ಡನ್ನು ಎತ್ತುತ್ತೆ, ಹಸುವಿನ ಬಾಯಿಗೂ ಭಯವಿಲ್ಲ.

ನಲ್ಲಿಯ ಬಾಯಿ, ತೊಟ್ಟಿ ತುಂಬಿದಾಗ ನೀರು ನಿಲ್ಲಿಸುವ ತೇಲುಬುರುಡೆಯ ಕೆಳಭಾಗ ಮರೆಯಬೇಡಿ. ಲೋಳೆ ಅಲ್ಲಿ ಅಡಗಿ ಕೂತಿರುತ್ತೆ, ಎರಡೇ ದಿನಕ್ಕೆ ಮತ್ತೆ ತೊಟ್ಟಿಗೆಲ್ಲ ಹಬ್ಬುತ್ತೆ. ಒತ್ತಿದರೆ ನೀರು ಬರುವ ಕುಡಿಯುವ ಬಟ್ಟಲು ಹಾಕಿಸಿದವರು ತೊಟ್ಟಿಯೇ ಇಲ್ಲವಲ್ಲ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಆ ಬಟ್ಟಲಲ್ಲಿ ಹಿಂಡಿ ಎಷ್ಟು ಬೇಗ ಹುಳಿಯುತ್ತೆ ಅಂತ ಒಂದು ದಿನ ಬೆರಳಿಟ್ಟು ನೋಡಿ.

ಕೊನೆಗೆ ಎರಡು ಸಲ ಜಾಲಿಸಿ ನೀರು ತುಂಬಿ. ಸಮಯವಿದ್ದರೆ ತುಂಬುವ ಮೊದಲು ಒಂದು ಗಂಟೆ ಬಿಸಿಲಿಗೆ ಒಣಗಲು ಬಿಡಿ.

ಸಗಣಿ ಬಳಿಯುವ ಪೊರಕೆ, ಬುಟ್ಟಿಯನ್ನು ಮಾತ್ರ ತೊಟ್ಟಿಗೆ ಮುಟ್ಟಿಸಬೇಡಿ. ತೊಟ್ಟಿಯ ಬ್ರಷ್ ಬೇರೆ ಇರಲಿ, ಬೇರೆ ಗೂಟಕ್ಕೆ ತೂಗಿರಲಿ.

ಬ್ಲೀಚಿಂಗ್ ಪೌಡರ್ ಹಾಕಬಹುದಾ? ಎಷ್ಟು?

ಹಾಕಬಹುದು, ಆದರೆ ತಿಕ್ಕಿದ ಮೇಲೆ. ಕೊಳೆಯ ಮೇಲೆ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತೆ, ಕ್ರಿಮಿಗೆ ಏನೂ ಉಳಿಯುವುದಿಲ್ಲ. 10 ಲೀಟರ್ ಬಕೆಟ್ ನೀರಿಗೆ ಸುಮಾರು 20 ಗ್ರಾಂ ಪುಡಿ ಕಲಸಿ, ತೊಟ್ಟಿಯ ಒಳಗೆಲ್ಲ ಬಳಿದು, ಹತ್ತು ಹದಿನೈದು ನಿಮಿಷ ಬಿಡಿ. ಆಮೇಲೆ ವಾಸನೆ ಹೋಗುವ ತನಕ ತೊಳೆಯಿರಿ. ಅಷ್ಟು ಹೊತ್ತು ಹಸುವನ್ನು ತೊಟ್ಟಿಯ ಹತ್ತಿರ ಬಿಡಬೇಡಿ. ಇದು ದಿನಾ ಮಾಡುವ ಕೆಲಸವಲ್ಲ, ತಿಂಗಳಿಗೆ ಒಂದೆರಡು ಸಲ ಸಾಕು.

ಕುಡಿಯುವ ನೀರಿಗೇ ಹಾಕುವ ಲೆಕ್ಕ ಬೇರೆ. ತಿಳಿಯಾದ 1000 ಲೀಟರ್ ನೀರಿಗೆ ಹೊಸ ಪುಡಿ 2.5 ಗ್ರಾಂ, ಅಂದರೆ ಅರ್ಧ ಟೀ ಚಮಚದಷ್ಟು. ಒಂದು ಚೊಂಬು ನೀರಲ್ಲಿ ಕಲಸಿ, ಗಸಿ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ. ಒಂದು ಗಂಟೆ ಬಿಟ್ಟು ಬಳಸಿ. ಹೊಸ ಪುಡಿಯಲ್ಲಿ ಕ್ಲೋರಿನ್ ಶೇ 33ರ ಹತ್ತಿರ ಇರುತ್ತೆ. ಚೀಲ ಬಾಯಿ ತೆರೆದು ಇಟ್ಟರೆ ಅದೆಲ್ಲ ಹಾರಿಹೋಗುತ್ತೆ. ಮೂಗಿಗೆ ಘಾಟೇ ಹತ್ತದ ಹಳೇ ಪುಡಿ ಬರೀ ಸುಣ್ಣದ ಹಾಗೆ.

ಒಂದು ಎಚ್ಚರಿಕೆ. ಕಕ್ಕಸು ತೊಳೆಯುವ ಆಸಿಡ್ ಜೊತೆ, ವಿನೆಗರ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಬೇಡಿ. ಎದ್ದುಬರುವ ಕ್ಲೋರಿನ್ ಗಾಳಿ ಶ್ವಾಸಕೋಶವನ್ನೇ ಸುಡುತ್ತೆ.

ಫಿನಾಯಿಲ್? ಸೋಪಿನ ಪುಡಿ?

ಫಿನಾಯಿಲ್ ಬೇಡ. ಅದು ನೆಲಕ್ಕೆ, ಬಾಯಿ ಮುಟ್ಟುವ ಜಾಗಕ್ಕಲ್ಲ. ಅದು ವಿಷ, ವಾಸನೆಯೂ ಸುಲಭಕ್ಕೆ ಹೋಗುವುದಿಲ್ಲ. ಎಣ್ಣೆ ಜಿಡ್ಡು ಜಾಸ್ತಿ ಇದ್ದರೆ ಸ್ವಲ್ಪ ಪಾತ್ರೆ ಸೋಪು ಹಾಕಿ, ನೊರೆ ಪೂರ್ತಿ ಹೋಗುವವರೆಗೆ ತೊಳೆಯಿರಿ.

ಸುಣ್ಣ ಬಳಿಯುವುದು ಹಳೇ ಕಾಲದ ಪದ್ಧತಿ ಅಲ್ವಾ?

ಹಳೇ ಪದ್ಧತಿ ಹೌದು, ಇವತ್ತಿಗೂ ಸಿಮೆಂಟ್ ತೊಟ್ಟಿಗೆ ಅದಕ್ಕಿಂತ ಅಗ್ಗದ, ಒಳ್ಳೆಯ ಕೆಲಸ ಇನ್ನೊಂದಿಲ್ಲ. ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ಬಹಳ ಕ್ರಿಮಿಗಳು ಸಾಯುತ್ತವೆ, ಪಾಚಿ ಹಿಡಿಯುವುದು ತಡವಾಗುತ್ತೆ. ಇನ್ನೊಂದು ಲಾಭವೂ ಇದೆ. ಬಿಳೀ ತೊಟ್ಟಿಯಲ್ಲಿ ಕೊಳೆ ಕಣ್ಣಿಗೆ ಕಾಣುತ್ತೆ. ಕಪ್ಪು ತೊಟ್ಟಿಯಲ್ಲಿ ಕೊಳೆಯಿದ್ದರೂ ಗೊತ್ತಾಗುವುದಿಲ್ಲ, ಗೊತ್ತಾಗದ್ದನ್ನು ಯಾರೂ ತೊಳೆಯುವುದಿಲ್ಲ.

ಯುಗಾದಿಗೆ ಮನೆಗೆ ಸುಣ್ಣ ಹೊಡೆಯುವಾಗ ಕೊಟ್ಟಿಗೆಗೂ ಒಂದು ಕೈ ಹೊಡೆದು ಸುಮ್ಮನಾಗುತ್ತೇವೆ. ತೊಟ್ಟಿಗೆ ಅದು ಸಾಲದು. ತಿಂಗಳಿಗೆ ಒಂದು ಸಲವಾದರೂ ಬಳಿಯಿರಿ. ಸುಟ್ಟ ಸುಣ್ಣವಾದರೆ ಹಿಂದಿನ ದಿನವೇ ನೀರಲ್ಲಿ ಅರಳಿಸಿ ತಣ್ಣಗಾಗಲು ಬಿಡಿ. ಅರಳುವಾಗ ಕುದಿಯುತ್ತೆ, ಕಣ್ಣಿಗೆ ಸಿಡಿದರೆ ಅಪಾಯ. ಬಳಿದ ಮೇಲೆ ಪೂರ್ತಿ ಒಣಗಿಸಿ, ಒಂದು ಸಲ ತೊಳೆದು, ಆಮೇಲೆ ನೀರು ಬಿಡಿ. ಡಿಸ್ಟೆಂಪರ್, ಬಣ್ಣ ಬೇಡ. ಎದ್ದ ಚಕ್ಕೆ ನೇರ ಹಸುವಿನ ಹೊಟ್ಟೆಗೆ ಹೋಗುತ್ತೆ.

ಹಳೇ ಮೇವಿನ ಮೇಲೆ ಹೊಸ ಮೇವು ಹಾಕಿದರೆ ಏನು ತಪ್ಪು?

ತಳದಲ್ಲಿ ಉಳಿದದ್ದು ಜೊಲ್ಲು ಕುಡಿದು ಒದ್ದೆಯಾಗಿರುತ್ತೆ. ಅದರ ಮೇಲೆ ಹೊಸದು ಬಿದ್ದರೆ ಒಳಗೆ ಕಾವು ಏಳುತ್ತೆ. ಕೈ ಹಾಕಿ ನೋಡಿ, ಬೆಚ್ಚಗಿರುತ್ತೆ. ಆ ಹುಳಿ ವಾಸನೆ ಮೇಲಿನ ಮೇವಿಗೂ ಹತ್ತುತ್ತೆ. ಹಸು ಮೂಸಿ ಆಚೆ ತಳ್ಳುತ್ತೆ. ಇದಕ್ಕೆ ಸೊಕ್ಕು ಅಂತ ಬೈದವರನ್ನು ನಾವು ನೋಡಿದ್ದೇವೆ. ಸೊಕ್ಕಲ್ಲ, ಪಾಪ.

ಗುಡಿಸುವಾಗ ಕೈಯಿಂದ ಒಂದು ಸಲ ತಡಕಾಡಿ. ಮೊಳೆ, ತಂತಿ ತುಂಡು, ಮೇವಿನ ಪಿಂಡಿ ಕಟ್ಟಿದ ಪ್ಲಾಸ್ಟಿಕ್ ದಾರ ಸಿಗುತ್ತವೆ. ಹಸು ನಮ್ಮ ಹಾಗೆ ಅಗಿದು ಆರಿಸಿ ತಿನ್ನುವುದಿಲ್ಲ, ಬಾಚಿ ನುಂಗುತ್ತೆ. ನುಂಗಿದ ತಂತಿ ಹೊಟ್ಟೆಯನ್ನು ಚುಚ್ಚಿ ಎದೆಯವರೆಗೂ ಹೋಗಬಹುದು.

ಹಿಂಡಿಗೆ ಸ್ವಲ್ಪ ಬೂಷ್ಟು ಬಂದಿದೆ. ಬಿಸಿಲಿಗೆ ಹಾಕಿ ಕೊಡಬಹುದಾ?

ಬೇಡ. ಇದನ್ನು ಒತ್ತಿ ಹೇಳುತ್ತೇವೆ. ಕಡಲೆಕಾಯಿ ಹಿಂಡಿ, ಮುಸುಕಿನ ಜೋಳ ತೇವವಾದರೆ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತೆ. ಬಿಸಿಲು ಬೂಷ್ಟನ್ನು ಒಣಗಿಸುತ್ತೆ, ವಿಷ ಅಲ್ಲೇ ಉಳಿಯುತ್ತೆ. ಹಸುವಿನ ಈಲಿ (ಲಿವರ್) ಕೆಡುತ್ತೆ. ಅಷ್ಟೇ ಅಲ್ಲ, ಆ ವಿಷ ಇನ್ನೊಂದು ರೂಪದಲ್ಲಿ ಹಾಲಿಗೆ ಇಳಿಯುತ್ತೆ. ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಅಂತ ದೇಶದ ಆಹಾರ ಸುರಕ್ಷತಾ ನಿಯಮವೇ ಇದೆ. ಆ ಹಾಲನ್ನು ಮೊದಲು ಕುಡಿಯುವುದು ನಮ್ಮ ಮನೆಯ ಮಕ್ಕಳೇ ಅಲ್ವಾ?

ಗೋದಲಿಯ ಬಿರುಕಲ್ಲಿ ಉಳಿದ ಹಿಂಡಿಗೂ ಇದೇ ಬೂಷ್ಟು ಬರುತ್ತೆ. ಚೀಲ ಚೆನ್ನಾಗಿದ್ದರೂ ಗೋದಲಿ ಕೆಡಿಸಬಹುದು. ಚೀಲಗಳನ್ನು ನೆಲಕ್ಕೆ ತಾಗಿಸದೆ, ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ.

ಕಲಗಚ್ಚು ಕೊಡಬಹುದಾ?

ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಅವತ್ತಿನದು ಅವತ್ತೇ ಆದರೆ ಕೊಡಿ. ಆದರೆ ಕಲಗಚ್ಚಿನ ಬಾನಿ ಬೇರೆ ಇರಲಿ, ಕುಡಿಯುವ ನೀರಿನ ತೊಟ್ಟಿಗೆ ಸುರಿಯಬೇಡಿ. ಆ ಬಾನಿಯನ್ನು ದಿನಾ ತಿಕ್ಕಿ ಬೋರಲು ಹಾಕಿ. ಮೂರು ದಿನದ ಕಲಗಚ್ಚು ಹುಳಿತು ಬುರುಗು ಬಂದಿದ್ದರೂ ಹಸು ಇಷ್ಟಪಟ್ಟು ಕುಡಿಯುತ್ತೆ ಅಂತ ಹೇಳುವವರಿದ್ದಾರೆ. ಇಷ್ಟಪಡುವುದು ಬೇರೆ, ಒಗ್ಗುವುದು ಬೇರೆ.

ಮದುವೆ, ಹಬ್ಬದ ಮಾರನೇ ದಿನ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ವ್ಯರ್ಥ ಆಗಬಾರದೆಂದು ಗೋದಲಿಗೆ ಸುರಿಯುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಅಷ್ಟು ಪಿಷ್ಟ, ಸಕ್ಕರೆ ಒಟ್ಟಿಗೆ ಹೊಟ್ಟೆಗೆ ಹೋದರೆ ಹೊಟ್ಟೆಯೆಲ್ಲ ಆಮ್ಲವಾಗಿ ಹಸು ಮೇವು ಬಿಡುತ್ತೆ, ಭೇದಿಯಾಗುತ್ತೆ, ಮಲಗಿದ್ದು ಏಳದೆ ಸಾಯಲೂಬಹುದು. ಕೊಡಲೇಬೇಕು ಅಂದರೆ ಒಂದು ಹಿಡಿ ಕೊಡಿ, ಸಾಕು.

ಸಿಮೆಂಟ್ ಗೋದಲಿ ಎರಡೇ ವರ್ಷಕ್ಕೆ ಜಲ್ಲಿ ಎದ್ದಿದೆ. ಯಾಕೆ?

ರಸಮೇವು, ಹುಳಿತ ಬೂಸಾ ಎರಡರಲ್ಲೂ ಆಮ್ಲ ಇರುತ್ತೆ. ಅದು ಸಿಮೆಂಟನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತೆ. ಹಸುವಿನ ಒರಟು ನಾಲಿಗೆ ಉಳಿದದ್ದನ್ನು ನೆಕ್ಕಿ ಸವೆಸುತ್ತೆ. ಗುಳಿಬಿದ್ದ ಗೋದಲಿಯನ್ನು ಎಷ್ಟು ಗುಡಿಸಿದರೂ ಶುಚಿ ಮಾಡಲಾಗುವುದಿಲ್ಲ. ಮತ್ತೆ ಗಾರೆ ಬಳಿದರೆ ಮತ್ತೆರಡು ವರ್ಷ. ಒಳಗೆ ನುಣುಪಾದ ಕಡಪ ಕಲ್ಲು ಇಲ್ಲವೇ ಟೈಲ್ಸ್ ಕೂರಿಸಿ. ಟೈಲ್ಸ್ ಸಂದುಗಳನ್ನು ಚೆನ್ನಾಗಿ ಮುಚ್ಚಿಸಿ.

ಹೊಸ ತೊಟ್ಟಿ ಕಟ್ಟಿಸುತ್ತಿದ್ದೇವೆ. ಏನು ನೋಡಬೇಕು?

ಎಲ್ಲಕ್ಕಿಂತ ಮೊದಲು ನೀರು ಬಿಡುವ ತೂತು. ಗಾರೆ ಕೆಲಸದವರು ಅದನ್ನು ತಳದಿಂದ ಒಂದು ಇಂಚು ಮೇಲೆ ಇಟ್ಟುಬಿಡುತ್ತಾರೆ. ನಮ್ಮಲ್ಲೂ ಹಾಗೇ ಆಗಿತ್ತು. ಆ ಒಂದು ಇಂಚು ಗಸಿಯನ್ನು ಪ್ರತಿ ಸಲ ಚೊಂಬಿನಲ್ಲಿ ಬಾಚಬೇಕು. ಬಾಚುವುದು ಬೇಸರ, ಬೇಸರವಾದ್ದರಿಂದ ತೊಳೆಯುವುದು ತಿಂಗಳುಗಟ್ಟಲೆ ಮುಂದೆ ಹೋಗುತ್ತಿತ್ತು. ಕೊನೆಗೆ ತಳ ಒಡೆಸಿ, ಇಳಿಜಾರು ಕೊಡಿಸಿ, ಎರಡು ಇಂಚಿನ ಪೈಪು ಕೂರಿಸಿದೆವು. ಅವತ್ತಿನಿಂದ ಬಿರಡೆ ಎಳೆದರೆ ಸಾಕು. ಶುಚಿತ್ವದ ಬಗ್ಗೆ ನಾವು ಕಲಿತ ದೊಡ್ಡ ಪಾಠ ಆ ತೂತೇ.

ಮೂಲೆಗಳು ಚೂಪಾಗಿರದೆ ದುಂಡಗಿರಲಿ, ಬ್ರಷ್ ಸಲೀಸಾಗಿ ಓಡಬೇಕು. ತೊಟ್ಟಿ ಅತಿ ದೊಡ್ಡದು ಬೇಡ. ದೊಡ್ಡ ತೊಟ್ಟಿ ಖಾಲಿ ಮಾಡಲು ಮನಸ್ಸು ಬರುವುದಿಲ್ಲ, ನೀರೂ ಹಳಸುತ್ತೆ. ಚಿಕ್ಕ ತೊಟ್ಟಿ, ಜೋರಾಗಿ ತುಂಬುವ ನಲ್ಲಿ ಒಳ್ಳೆಯದು. ಬಾಯಾರಿದ ಹಸು ನಿಮಿಷಕ್ಕೆ 10 ಲೀಟರ್‌ಗೂ ಜಾಸ್ತಿ ಎಳೆಯಬಲ್ಲದು. ನೀರಿನ ತೊಟ್ಟಿಯ ಅಂಚು ಎರಡರಿಂದ ಎರಡೂವರೆ ಅಡಿ ಎತ್ತರ ಇದ್ದರೆ ಸಗಣಿ ಬೀಳುವುದು ಕಮ್ಮಿ. ಗೋದಲಿಯ ತಳ ಮಾತ್ರ ಹಸು ನಿಲ್ಲುವ ನೆಲಕ್ಕಿಂತ ನಾಲ್ಕಾರು ಇಂಚು ಮೇಲಿದ್ದರೆ ಸಾಕು. ತಲೆ ತಗ್ಗಿಸಿ ತಿಂದಾಗ ಜೊಲ್ಲು ಚೆನ್ನಾಗಿ ಊರುತ್ತೆ, ಮೇವು ಚೆನ್ನಾಗಿ ಅರಗುತ್ತೆ.

ನೀಲಿ ಡ್ರಮ್ಮು ಕತ್ತರಿಸಿ ತೊಟ್ಟಿ ಮಾಡಬಹುದಾ?

ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ಖಚಿತವಾಗಿ ಗೊತ್ತಿದ್ದರೆ ಮಾತ್ರ. ಹಳೇ ಡ್ರಮ್ಮುಗಳಲ್ಲಿ ಕಾರ್ಖಾನೆಯ ರಾಸಾಯನಿಕ ಬಂದಿರುತ್ತೆ, ಎಷ್ಟು ತೊಳೆದರೂ ಪ್ಲಾಸ್ಟಿಕ್ ಅದನ್ನು ಹಿಡಿದಿಟ್ಟುಕೊಂಡಿರುತ್ತೆ. ಬೆಳೆಗೆ ಸಿಂಪಡಿಸುವ ಔಷಧಿ ಕಲಸಿದ ಬಕೆಟ್, ಯೂರಿಯಾ ಕಲಸಿದ ಬುಟ್ಟಿ ಎರಡನ್ನೂ ಕೊಟ್ಟಿಗೆಯೊಳಗೆ ತರಲೇಬೇಡಿ. ಯೂರಿಯಾ ನೀರು ಕುಡಿದ ಹಸುವನ್ನು ಉಳಿಸಿಕೊಳ್ಳಲು ಡಾಕ್ಟರು ಬರುವಷ್ಟು ಸಮಯವೂ ಸಿಗದೇ ಹೋಗಬಹುದು.

ತೊಟ್ಟಿಗೆ ಬಿಳೀ ಪೊರೆ ಕಟ್ಟುತ್ತೆ. ಅದೂ ಕೊಳೆಯಾ?

ಅದು ಗಡಸು ನೀರಿನ ಉಪ್ಪು. ಹಸುವಿಗೆ ಅದರಿಂದ ತೊಂದರೆ ಇಲ್ಲ, ಆದರೆ ಆ ಒರಟು ಪೊರೆಯ ಮೇಲೆ ಲೋಳೆ ಬೇಗ ಹಿಡಿಯುತ್ತೆ. ಪ್ಲಾಸ್ಟಿಕ್, ಸ್ಟೀಲ್ ಆದರೆ ಹುಣಸೆಹಣ್ಣಿನ ನೀರು ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿ. ಸಿಮೆಂಟಿಗೆ ಹುಳಿ ಬೇಡ, ಗಟ್ಟಿ ಬ್ರಷ್ಷೇ ಸರಿ.

ಹಸಿರು ಪಾಚಿ ಪದೇ ಪದೇ ಬರುತ್ತೆ.

ಬಿಸಿಲು ಬೀಳುವ ತೊಟ್ಟಿಗೆ ಬಂದೇ ಬರುತ್ತೆ. ಮೇಲೆ ನೆರಳು ಮಾಡಿ, ತೆಂಗಿನ ಗರಿ ಸಾಕು. ನೆರಳಿದ್ದರೆ ಬೇಸಿಗೆಯಲ್ಲಿ ನೀರು ತಣ್ಣಗೂ ಇರುತ್ತೆ. ಮಧ್ಯಾಹ್ನ ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಬಿಸಿ ಇರುತ್ತೆ. ಅದನ್ನು ಹುಲ್ಲಿಗೆ ಬಿಟ್ಟು ಆಮೇಲೆ ತೊಟ್ಟಿಗೆ ಬಿಡಿ.

ಒಂದು ಹಸುವಿಗೆ ಕಾಲುಬಾಯಿ ಜ್ವರ ಬಂದಿದೆ. ಅದೇ ತೊಟ್ಟಿಯಲ್ಲಿ ಎಲ್ಲವೂ ಕುಡಿಯಬಹುದಾ?

ಖಂಡಿತ ಬೇಡ. ಆ ರೋಗದ ವೈರಸ್ ಜೊಲ್ಲಿನಲ್ಲೇ ಇರುತ್ತೆ. ಆ ಹಸುವನ್ನು ಬೇರೆ ಕಟ್ಟಿ, ಅದರದ್ದೇ ಬಕೆಟ್, ಅದರದ್ದೇ ಬುಟ್ಟಿ ಇಡಿ. ಚೆನ್ನಾಗಿರುವ ಹಸುಗಳ ಕೆಲಸ ಮುಗಿಸಿ ಕೊನೆಗೆ ಅದರ ಹತ್ತಿರ ಹೋಗಿ. ಎಲ್ಲವೂ ಕುಡಿಯುತ್ತಿದ್ದ ತೊಟ್ಟಿಯನ್ನು ಬರಿದು ಮಾಡಿ, ತಿಕ್ಕಿ, 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ತೊಳೆಯಿರಿ. ಅಡುಗೆ ಸೋಡಾ ಅಲ್ಲ, ಬಟ್ಟೆಗೆ ಹಾಕುವ ಸೋಡಾ. ಆಮೇಲೆ ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ. ಊರಲ್ಲಿ ಈ ರೋಗ ಇರುವಾಗ ಎಲ್ಲರ ದನಗಳೂ ಕುಡಿಯುವ ಊರ ತೊಟ್ಟಿಗೆ ನಿಮ್ಮ ಹಸುಗಳನ್ನು ಹೊಡೆಯಬೇಡಿ. ಲಸಿಕೆ ತಪ್ಪಿಸಬೇಡಿ.

ಕೋಳಿ, ಇಲಿ ಬಂದರೆ?

ಗೋದಲಿಯ ಅಂಚಿನಲ್ಲಿ ಕೋಳಿ ರಾತ್ರಿ ಕೂರದಂತೆ ನೋಡಿಕೊಳ್ಳಿ. ಇಲಿಯ ಗಂಜಲದಿಂದ ಇಲಿಜ್ವರ ಬರುತ್ತೆ. ಹಸು ಕಂದು ಹಾಕಬಹುದು, ತೊಳೆಯುವವರಿಗೂ ಹತ್ತಬಹುದು. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಂಡೇ ತೊಟ್ಟಿಗಿಳಿಯಿರಿ. ರಾತ್ರಿ ಗೋದಲಿಯಲ್ಲಿ ಹಿಂಡಿ ಉಳಿಸದಿದ್ದರೆ ಇಲಿ ಬರುವುದೇ ಕಮ್ಮಿ.

ತೊಳೆದ ನೀರು ಎಲ್ಲಿ ಬಿಡಬೇಕು?

ನೇಪಿಯರ್ ಹುಲ್ಲಿನ ಸಾಲಿಗೆ, ತೆಂಗಿನ ಬುಡಕ್ಕೆ. ತೊಟ್ಟಿಯ ಸುತ್ತ ಕೆಸರಾಗಲು ಬಿಡಬೇಡಿ. ಆ ಕೆಸರಲ್ಲಿ ಮಲಗಿದ ಹಸುವಿಗೆ ಕೆಚ್ಚಲು ಬಾವು ಬರುತ್ತೆ. ಬ್ಲೀಚಿಂಗ್ ಹಾಕಿದ ನೀರನ್ನು ಎರೆಹುಳು ತೊಟ್ಟಿಗೆ, ಗೋಬರ್ ಗ್ಯಾಸ್ ಗುಂಡಿಗೆ ಬಿಡಬಾರದು.

ಮನೆಯಲ್ಲಿ ಇಬ್ಬರೇ. ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ?

ಈ ಪ್ರಶ್ನೆಯನ್ನು ಜಾಸ್ತಿ ಕೇಳುವುದು ಹೆಂಗಸರು, ಯಾಕೆಂದರೆ ಈ ಕೆಲಸ ಬೀಳುವುದು ಅವರ ತಲೆಗೇ. ಐದು ಗಂಟೆಗೆ ಎದ್ದು ಹಾಲು ಕರೆದು, ಡೇರಿಗೆ ಕಳಿಸಿ, ಅಡುಗೆ ಮಾಡಿ, ಆಮೇಲೆ ತೊಟ್ಟಿಗೆ ಬಗ್ಗಬೇಕು ಅಂದರೆ ಕಷ್ಟವೇ. ಅದಕ್ಕೇ ತೂತು ಸರಿ ಮಾಡಿಸಿ, ಉದ್ದ ಹಿಡಿಯ ಬ್ರಷ್ ತನ್ನಿ ಅಂತ ಮನೆಯ ಗಂಡಸರಿಗೆ ಹೇಳುತ್ತೇವೆ. ಹಾಲು ಹಾಕಿ ಬಂದವರು ಬಂದ ಕೂಡಲೇ ಗೋದಲಿ ಗುಡಿಸಲಿ, ಹತ್ತು ನಿಮಿಷದ ಕೆಲಸ. ವಾರದ ತಿಕ್ಕುವಿಕೆಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಅದು ಭಾನುವಾರ, ಮಕ್ಕಳೂ ಕೈ ಹಾಕುತ್ತಾರೆ.

ತೊಟ್ಟಿ ತಿಕ್ಕಿದೆವು, ಹೊಸ ನೀರು ಬಿಟ್ಟೆವು. ಆದರೂ ಹಸು ಕುಡಿಯುತ್ತಿಲ್ಲ.

ಮೊದಲು ಬ್ಲೀಚಿಂಗ್, ಸೋಪಿನ ವಾಸನೆ ಉಳಿದಿದೆಯಾ ನೋಡಿ. ಇಲ್ಲದಿದ್ದರೆ ಬೇರೆ ಬಕೆಟ್ಟಿನಲ್ಲಿ ಕೊಟ್ಟು ನೋಡಿ. ಅದನ್ನೂ ಕುಡಿಯದೆ, ಮೆಲುಕು ಹಾಕದೆ, ಮೂಗು ಒಣಗಿ, ಕಿವಿ ಜೋತುಬಿದ್ದಿದ್ದರೆ ತೊಟ್ಟಿಯ ತಪ್ಪಲ್ಲ. ಸಂಜೆವರೆಗೆ ಕಾಯಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ ಕಳಿಸಿ, ಇಲ್ಲವೇ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.